ಹನ್ನೊಂದು ಸೆಕೆಂಡು

ಗ್ದಿನ್ಯಾ ಬಂದರಿನ ಹಿಂದೆ, ಮೀನುಗಾರರ ಸಂಘದ ಮಹಡಿಯಲ್ಲಿ
ಮಂಗಳವಾರ ಸಂಜೆ ಒಂಬತ್ತು ಮೇಜು.
ಮಾತಾಡುವಂತಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಚೀಟಿಪೆಟ್ಟಿಗೆ,
ಹೇಳಬೇಕಾದದ್ದೆಲ್ಲ ಅದರೊಳಗೇ ಇದೆ.
ಇಪ್ಪತ್ತು ವರ್ಷವಾದರೂ ಪೂರ್ತಿ ನಂಬಿಲ್ಲ ನಾನು.

ಬಲಗಡೆಯ ಹುಡುಗಿ ಕೋರ್ನೆಲಿಯಾ, ಉಗುರಿಗೆ ನೀಲಿ ಬಣ್ಣ,
ಒಂದು ಇಸ್ಪೀಟು ಅಂದಳು, ಅಂದರೆ ಚೀಟಿ ಇಟ್ಟಳು.
ನಾನು ಪಾಸ್.
ಎಡಗಡೆಯ ಹುಡುಗ ಎರಡು ಇಸ್ಪೀಟು.
ಆಮೇಲೆ ಬೋಗುಮಿಲ್.

ಬೋಗುಮಿಲ್‌ನ ಕೈ ಪೆಟ್ಟಿಗೆಯ ಕಡೆ ಹೊರಟಿತು,
ನಡುದಾರಿಯಲ್ಲಿ ನಿಂತಿತು.
ಹೊರಗೆ ಯಾವುದೋ ಹಡಗು ಕೂಗಿತು.
ಚಹಾದ ಲೋಟದಲ್ಲಿ ನಿಂಬೆಹೋಳು ಒಂದು ಸುತ್ತು ತಿರುಗಿ
ತಳ ಸೇರಿತು. ಕೈ ಮತ್ತೆ ಹೊರಟು
ಹಸಿರು ಚೀಟಿ ತೆಗೆಯಿತು: ಪಾಸ್.
ಹುಡುಗಿಯೂ ಪಾಸ್.
ಕೊನೆಯ ಮಾತು ನನ್ನದು.

ಈ ಕೈಯನ್ನು ನಾನು ಇಪ್ಪತ್ತೆರಡು ವರ್ಷ ಓದಿದ್ದೇನೆ,
ಸಂಬಳ ತೆಗೆದುಕೊಂಡು.
ನಲವತ್ತು ಮೀಟರ್ ಎತ್ತರದಲ್ಲಿ ಕ್ರೇನಿನ ಗಾಜುಗೂಡಿನೊಳಗೆ ನಾನು,
ಕೆಳಗೆ ಹಡಗುಕಟ್ಟೆಯಲ್ಲಿ ಹಳದಿ ಟೋಪಿಯ ಒಂದು ಚುಕ್ಕೆ, ಅವನು.
ಎತ್ತು. ಇಳಿಸು. ಒಂದು ಗೇಣು ಎಡಕ್ಕೆ.
ಕೈ ತಡೆದರೆ ತಡೆಯಬೇಕು, ಯಾಕೆಂದು ಕೇಳಬಾರದು.
ಒಮ್ಮೆ ಎಪ್ಪತ್ತು ಟನ್ ಉಕ್ಕು ಗಾಳಿಯಲ್ಲಿ ನೇತಾಡುತ್ತ ಕಾದಿತ್ತು,
ಅವನಿಗೆ ಸೀನು ಬರುವುದಿತ್ತು.
ಬರಲೂ ಇಲ್ಲ.

ಇಲ್ಲಿ ಕಾನೂನು ಬೇರೆ.
ಆ ಕೈ ತಡೆದದ್ದನ್ನು ನಾನು ಕಂಡಿಲ್ಲ.
ಕಂಡೂ ಕಾಣದವಳ ಹಾಗೆ ಕೂತರೆ ಸಾಲದು,
ಕಂಡದ್ದು ಯಾವ ದಾರಿಗೆ ದೀಪ ಹಿಡಿಯಿತೋ
ಅದನ್ನು ಬಿಟ್ಟು ಇನ್ನೊಂದಿದ್ದರೆ
ಕತ್ತಲಾದರೂ ಅದರಲ್ಲೇ ನಡೆಯಬೇಕು.

ನನ್ನ ಹತ್ತಿರ ಎರಡು ಸಣ್ಣ ಇಸ್ಪೀಟು,
ಆಟೀನು ಐದು, ರಾಣಿಯಿಂದ ಕೆಳಕ್ಕೆ,
ಡೈಮಂಡ್ ರಾಜ, ಕಳಾವರ್ ರಾಣಿ. ಒಟ್ಟು ಏಳು ಅಂಕ.
ತಿಂಗಳ ಕೊನೆಯ ಚಿಲ್ಲರೆ, ಎಷ್ಟು ಸಲ ಎಣಿಸಿದರೂ ಅಷ್ಟೇ.
ಅವನು ಥಟ್ಟನೆ ಪಾಸ್ ಅಂದಿದ್ದರೆ?
ಒಂದು ದಿನ ಮೂರು ಆಟೀನು ಅಂದುಬಿಡುತ್ತಿದ್ದೆ,
ಇನ್ನೊಂದು ದಿನ ತೆಪ್ಪಗಿರುತ್ತಿದ್ದೆ.
ಇವತ್ತು ಯಾವ ದಿನವೆಂದು ತಿಳಿಯುವ ಮೊದಲೇ
ಆ ಹನ್ನೊಂದು ಸೆಕೆಂಡು ಬಂದು ಬಾಗಿಲಲ್ಲಿ ಕೂತಿತು.

ಪಾಸ್.

ಆಟೀನಿನ ಐದನ್ನು ಇಳಿಸಿದೆ. ಬೋಗುಮಿಲ್ ರಾಜ ಹಾಕಿದ,
ತಿರುಗಿ ಎಕ್ಕ ಹಾಕಿದ.
ಎಕ್ಕ ಬಿದ್ದಾಗ ನನ್ನ ಕಡೆ ನೋಡಲಿಲ್ಲ, ನೋಡಬಾರದು.
ಹುಡುಗಿ ಎಂಟು ಸುತ್ತು ಗೆದ್ದಳು, ಬೇಕಿದ್ದಷ್ಟೇ.
ಅವರಿಗೆ ನೂರ ಹತ್ತು.
ಉಳಿದ ಮೇಜುಗಳ ಲೆಕ್ಕದಲ್ಲಿ ನಮ್ಮ ದಿಕ್ಕಿನವರು
ಮೂರು ಆಟೀನು ಆಡಿ ನೂರ ನಲವತ್ತು, ನೂರ ನಲವತ್ತು,
ಮತ್ತೆ ನೂರ ನಲವತ್ತು.
ಅವನ ಹತ್ತಿರ ನಾಲ್ಕು ಆಟೀನು ಇದ್ದವು.

ಕೋರ್ನೆಲಿಯಾ ನನ್ನ ಮುಖ ನೋಡಿದಳು,
"ಪಾನಿ ಲುಡ್ವಿಕಾ" ಎಂದು ಏನೋ ಶುರುಮಾಡಿ
ಸುಮ್ಮನೆ ಎಲೆಗಳನ್ನು ಜೋಡಿಸಿ ಗೂಡಿಗೆ ಸೇರಿಸಿದಳು.

ಟ್ರಾಲಿಬಸ್ಸಿನ ನಿಲ್ದಾಣದಲ್ಲಿ ಸಮುದ್ರದ ಗಾಳಿ, ಮೂಗು ಉದುರುವಷ್ಟು ಚಳಿ.
ಬೋಗುಮಿಲ್ ಕೈಗವಸು ಹುಡುಕುತ್ತ ಕೇಳಿದ,
"ಬಹಳ ಹೊತ್ತು ತಗೊಂಡೆನಾ?"
"ಗಮನಿಸಲಿಲ್ಲ," ಅಂದೆ.
"ಹನ್ನೊಂದು," ಅಂದ. "ನಾನೇ ಎಣಿಸ್ತಾ ಇದ್ದೆ.
ಎತ್ತಿದ ಕೈ ಇಳಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಬಸ್ಸು ಬಂತು. ಮೇಲಿನ ತಂತಿಯಿಂದ ಒಂದು ಕಿಡಿ ಹಾರಿತು.
ಅವನು ಅಂಗೈ ಮೇಲೆ ಮಾಡಿ
ಒಂದು ಗೇಣು ಎಡಕ್ಕೆ ಸರಿಸಿ ತೋರಿಸಿದ: ಮೆಟ್ಟಿಲ ಮೇಲೆ ಹಿಮ,
ಆ ಕಡೆಯಿಂದ ಹತ್ತು.
ಇದನ್ನು ನೋಡಬಹುದು.
ಹತ್ತಿದೆ.